ಗುಳಿಗೆ ಕೊಡುವ ಮೊದಲು ಒಂದು ಮಾತು ಹೇಳಿ

ಸಂಪಾದಕರಿಗೆ ನಮಸ್ಕಾರ.

ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ 33 ವರ್ಷ ನರ್ಸ್ ಆಗಿದ್ದೆ, ಈಗ ನಿವೃತ್ತಿಯಾಗಿದೆ. ಊರು ವಿಜಯಪುರ ಜಿಲ್ಲೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಐದಾರು ಹುಡುಗಿಯರು ಬರುತ್ತಾರೆ, ಎಲ್ಲರೂ ನರ್ಸಿಂಗ್ ಓದುವವರು. ಬೀದರ್, ಕಲಬುರಗಿ, ಇಂಡಿ ಕಡೆಯವರೇ ಜಾಸ್ತಿ. ಒಬ್ಬಳು ಮಾತ್ರ ಇಲ್ಲೇ ಹುಟ್ಟಿ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವಳು. ಒಂದು ಡಬ್ಬಿ ಚುರುಮುರಿ, ಒಂದು ಪಾತ್ರೆ ಚಹಾ, ನಡುವೆ ಪುಸ್ತಕಗಳ ರಾಶಿ. ನಾನು ಟೀಚರ್ ಅಲ್ಲ, ವಾರ್ಡಿನಲ್ಲಿ ಕಂಡದ್ದನ್ನು ಹೇಳುತ್ತೇನೆ, ಅಷ್ಟೇ.

ಹೋದ ಭಾನುವಾರ ಪರೀಕ್ಷೆಯ ತಯಾರಿ ನಡೆದಿತ್ತು. ಬೀದರ್ ಕಡೆಯ ಒಬ್ಬಳಿಗೆ ರಿಫಾಂಪಿಸಿನ್ ಬಗ್ಗೆ ಕೇಳಿದೆ. ಟಿಬಿಯ ಮುಖ್ಯ ಔಷಧಿ ಅದು. ಕಣ್ಣು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದಳು, ಹನ್ನೊಂದು ಅಡ್ಡ ಪರಿಣಾಮ, ಒಂದನ್ನೂ ಬಿಡಲಿಲ್ಲ. "ಸರಿ, ಈಗ ನಾನೇ ಪೇಷಂಟ್. ನಿಮ್ಮೂರ ಕಡೆಯವಳು, ಓದು ಬರಹ ಬಾರದವಳು. ಗುಳಿಗೆ ನನ್ನ ಕೈಗೆ ಕೊಟ್ಟು ಏನು ಹೇಳ್ತೀ ಹೇಳು" ಎಂದೆ. ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, "ಊಟ ಆದಮ್ಯಾಲ ತಗೋರಿ ಅಂತೀನ್ರಿ ಅಕ್ಕಾರ" ಎಂದಳು. ರಿಫಾಂಪಿಸಿನ್ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಔಷಧಿ. ಊಟದ ಜೊತೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ.

ಹುಡುಗಿಯ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವಳಿಗೆ ಕಲಿಸಿದ್ದೇ ಹಾಗೆ. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಇದೇ ರಿಫಾಂಪಿಸಿನ್ ವಿಷಯದಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪು ನೆನಪಾಯಿತು.

ಆಗ ನಾನು ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಕಲಬುರಗಿ ಕಡೆಯ ಒಬ್ಬ ಗೌಂಡಿ, ಕಟ್ಟಡದ ಕೆಲಸಕ್ಕೆ ಬಂದವನು, ವಯಸ್ಸು ಇಪ್ಪತ್ತೈದರ ಆಸುಪಾಸು. ಕಫದಲ್ಲಿ ಟಿಬಿ ಸಿಕ್ಕಿತು. ಗುಳಿಗೆ ಕೊಟ್ಟೆವು, ಕೇಸ್ ಪೇಪರಿನ ಮೇಲೆ ತಾರೀಖು ಬರೆದು ಕಳಿಸಿದೆವು. ಅವತ್ತು ಕೌಂಟರಿನಲ್ಲಿ ಇದ್ದವಳು ನಾನೇ. ಹಿಂದೆ ದೊಡ್ಡ ಸಾಲು ಇತ್ತು, ಮಾತಾಡಲು ಪುರುಸೊತ್ತು ಇರಲಿಲ್ಲ. ಎರಡು ತಿಂಗಳ ಮೇಲೆ ಅವನು ಮತ್ತೆ ಬಂದ. ಎಲುಬು ಚರ್ಮ ಅಂಟಿಕೊಂಡಿತ್ತು. ಗುಳಿಗೆ ನಾಲ್ಕೇ ದಿನಕ್ಕೆ ಬಿಟ್ಟಿದ್ದ. ಯಾಕಪ್ಪಾ ಎಂದು ಕೇಳಿದರೆ ತಲೆ ಎತ್ತಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದ: "ಉಚ್ಚಿ ಕೆಂಪಗ ಬರಲಿಕತ್ತಿತ್ರಿ ಅಕ್ಕಾರ. ಮೈಯಾಗಿನ ರಗತ ಎಲ್ಲಾ ಈ ಗುಳಿಗಿ ಹೊರಗ ಹಾಕ್ಲಿಕತ್ತದ ಅಂತ ತಿಳಕೊಂಡೆ."

ರಿಫಾಂಪಿಸಿನ್ ಬಣ್ಣವೇ ಇಟ್ಟಿಗೆ ಕೆಂಪು. ಅದು ಮೂತ್ರದಲ್ಲಿ, ಬೆವರಲ್ಲಿ, ಕಣ್ಣೀರಲ್ಲಿ ಸಹ ಬಣ್ಣ ಬಿಡುತ್ತದೆ. ಬಿಳಿ ಬನಿಯನ್ ಮೇಲೂ ಕಲೆ ಬೀಳುತ್ತದೆ. ಅದರಿಂದ ಯಾವ ಅಪಾಯವೂ ಇಲ್ಲ. "ಉಚ್ಚೆ ಕೆಂಪಾಗ್ತದೆ, ಹೆದರಬೇಡ, ಅದು ಗುಳಿಗೆಯ ಬಣ್ಣ" ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆ ಎರಡು ತಿಂಗಳಲ್ಲಿ ಅವನ ಜೊತೆ ಒಂದೇ ಶೆಡ್ಡಿನಲ್ಲಿ ಮಲಗುತ್ತಿದ್ದ ತಮ್ಮನಿಗೂ ಕೆಮ್ಮು ಶುರುವಾಗಿತ್ತು. ನನಗೆ ಅವನ ಭಾಷೆ ಬರುತ್ತಿತ್ತು, ಆ ಕೌಂಟರಿನಲ್ಲಿ ಅವನ ಭಾಷೆ ಬರುತ್ತಿದ್ದವಳು ನಾನೊಬ್ಬಳೇ. ಆದರೂ ಹೇಳಲಿಲ್ಲ.

ಅದಕ್ಕೇ ಈ ಪತ್ರ. ನರ್ಸಿಂಗ್ ಓದುವ ನಮ್ಮ ಮಕ್ಕಳಿಗೆ ನಾನು ಕೇಳಿಕೊಳ್ಳುವುದು ಒಂದೇ. ಅಡ್ಡ ಪರಿಣಾಮಗಳನ್ನು ಪಟ್ಟಿಯಾಗಿ ಓದಬೇಡಿ. ಈ ಗುಳಿಗೆ ನುಂಗಿದ ಮೇಲೆ ಈ ಮನುಷ್ಯ ಮನೆಯಲ್ಲಿ ಏನು ನೋಡುತ್ತಾನೆ, ಏನು ಅನಿಸುತ್ತದೆ, ಯಾವುದಕ್ಕೆ ಹೆದರಿ ಬಿಟ್ಟುಬಿಡುತ್ತಾನೆ, ಅದನ್ನು ಯೋಚಿಸಿ, ಮತ್ತು ಅದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು ನೋಡಿ. ಕನ್ನಡದಲ್ಲಿ ಹೇಳಲು ಬಂದರೆ ಮರಾಠಿ, ಹಿಂದಿಯಲ್ಲಿ ಹೇಳುವುದು ದೊಡ್ಡ ಮಾತಲ್ಲ. ಕನ್ನಡದಲ್ಲೇ ಬಾಯಿ ಕಟ್ಟಿದರೆ ನಿಮಗೆ ಆ ಔಷಧಿ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ಟಿಬಿಯ ಉಳಿದ ಗುಳಿಗೆಗಳನ್ನೇ ನೋಡಿ. ಐಸೋನಿಯಾಜಿಡ್ ಕೊಟ್ಟವರಿಗೆ "ನರಗಳ ತೊಂದರೆ ಇದೆಯಾ" ಎಂದು ಕೇಳಿದರೆ ಏನು ಗೊತ್ತಾಗಬೇಕು? "ಅಂಗಾಲು ಜೋಮು ಹಿಡೀತದಾ, ಚಪ್ಪಲಿ ಜಾರಿದ್ದು ಗೊತ್ತಾಗೋದಿಲ್ವಾ" ಎಂದು ಕೇಳಿ, ಹೌದು ಎಂದರೆ ಡಾಕ್ಟರಿಗೆ ಹೇಳಿ. ಬಿ6 ಗುಳಿಗೆ ಜೊತೆಗೆ ಕೊಡುವುದು ಅದಕ್ಕೇ. ಎಥಾಂಬುಟಾಲ್ ಕಣ್ಣಿನ ನರಕ್ಕೆ ತಾಗಬಹುದು, ಮೊದಲು ಕೆಂಪು ಹಸಿರು ಬಣ್ಣ ಮಸುಕಾಗುತ್ತದೆ. ನಾನು ಪೇಷಂಟ್‌ಗಳಿಗೆ "ಸ್ಟೇಷನ್ನಿನಲ್ಲಿ ಸಿಗ್ನಲ್ ಕೆಂಪೋ ಹಸಿರೋ ಗೊತ್ತಾಗ್ತದಾ" ಎಂದು ಕೇಳುತ್ತಿದ್ದೆ. ಮುಂಬೈಯಲ್ಲಿ ದಿನಾ ಸಿಗ್ನಲ್ ನೋಡದವರು ಯಾರು? ಪಿರಾಜಿನಮೈಡ್‌ಗೆ ಕೀಲು ನೋವು. ಹೊಟ್ಟೆ ತೊಳಸಿ, ಊಟ ಸೇರದೆ, ಕಣ್ಣು ಹಳದಿಯಾದರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಬರಬೇಕು, ಅದು ಲಿವರಿನ ಮಾತು. ಇನ್ನೊಂದು ವಿಷಯ ಹೇಳಲು ನಮ್ಮ ಹುಡುಗಿಯರು ನಾಚುತ್ತಾರೆ, ನಾಚಬಾರದು. ಮಕ್ಕಳಾಗದಂತೆ ಗುಳಿಗೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ರಿಫಾಂಪಿಸಿನ್ ಶುರುವಾದರೆ ಆ ಗುಳಿಗೆಯನ್ನು ನಂಬುವಂತಿಲ್ಲ. ಬೇರೆ ಉಪಾಯ ಬೇಕು. ಗಂಡಸು ಡಾಕ್ಟರ ಮುಂದೆ ಆ ಹೆಣ್ಣುಮಗಳು ಬಾಯಿ ಬಿಡುವುದಿಲ್ಲ, ನಿಮ್ಮ ಹತ್ತಿರ ಬಿಡುತ್ತಾಳೆ.

ಮುಂಬೈಯಲ್ಲಿ ಕೆಲಸ ಮಾಡಿದ ಮೇಲೆ ನಾನು ಕಲಿತದ್ದು, ಅಡ್ಡ ಪರಿಣಾಮ ಎಂದರೆ ಮೈಯೊಳಗೆ ಆಗುವುದು ಮಾತ್ರ ಅಲ್ಲ, ಅದು ಆ ಮನುಷ್ಯನ ದಿನಚರಿಗೂ ಅಡ್ಡ ಬರುತ್ತದೆ. ಫ್ಯೂರೋಸಮೈಡ್, ಅಂದರೆ ಎಲ್ಲರೂ ಲ್ಯಾಸಿಕ್ಸ್ ಎನ್ನುವ ನೀರಿನ ಗುಳಿಗೆ. ನುಂಗಿದ ಒಂದು ಗಂಟೆಯೊಳಗೆ ಮೂತ್ರ ಶುರು, ಮೊದಲ ಎರಡು ಗಂಟೆ ಜೋರು, ಸುಮಾರು ಆರು ಗಂಟೆ ನಡೆಯುತ್ತದೆ. ಬೆಳಿಗ್ಗೆ ಕೊಡಬೇಕು, ರಾತ್ರಿ ನಿದ್ದೆ ಕೆಡಬಾರದು ಎಂದು ಪುಸ್ತಕದಲ್ಲಿದೆ, ಸರಿಯೇ. ಆದರೆ ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ಇದ್ದರು, ಹೃದಯದ ತೊಂದರೆ, ಫೋರ್ಟಿನಲ್ಲಿ ಗುಮಾಸ್ತೆ ಕೆಲಸ. ಏಳೂವರೆಗೆ ಗುಳಿಗೆ, ಎಂಟಕ್ಕೆ ಡೊಂಬಿವಲಿಯಿಂದ ಲೋಕಲ್. ಒಂದು ಗಂಟೆಗೂ ಜಾಸ್ತಿ ಪ್ರಯಾಣ, ಕಾಲು ಊರಲು ಜಾಗವಿಲ್ಲದ ಡಬ್ಬಿ, ಲೋಕಲಿನಲ್ಲಿ ಶೌಚಾಲಯ ಇಲ್ಲ. ಎರಡು ದಿನ ಪಾಡು ಪಟ್ಟರು. ಮೂರನೆಯ ದಿನದಿಂದ ಆಫೀಸ್ ಇರುವ ದಿನ ಗುಳಿಗೆಯನ್ನೇ ಬಿಟ್ಟರು, ಭಾನುವಾರ ಮಾತ್ರ ತೆಗೆದುಕೊಂಡರು. ಹದಿನೈದು ದಿನದಲ್ಲಿ ಕಾಲು ಬಾತು, ರಾತ್ರಿ ಮಲಗಿದರೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಡಾಕ್ಟರ ಪ್ರಕಾರ ಔಷಧಿ ನಾಟಲಿಲ್ಲ. ನಾನು ನೋಡಲು ಹೋದಾಗ ಅವರ ಹೆಂಡತಿ ನಿಜ ಹೇಳಿದರು, ಪಾಪ, ಅವರಿಗೆ ಡಾಕ್ಟರ ಮುಂದೆ ಹೇಳಲು ನಾಚಿಕೆ. ಡಾಕ್ಟರಿಗೆ ತಿಳಿಸಿದ ಮೇಲೆ ಗುಳಿಗೆಯ ಹೊತ್ತು ಬದಲಾಯಿತು, ಆಫೀಸಿಗೆ ಹೋಗಿ ಕೂತ ಮೇಲೆ ನುಂಗುವುದು ಎಂದು. ಅಷ್ಟೇ ಬೇಕಿತ್ತು. "ನೀವು ಎಷ್ಟು ಹೊತ್ತಿಗೆ ಗಾಡಿ ಹಿಡೀತೀರಿ" ಎಂಬ ಪ್ರಶ್ನೆ ಯಾವ ಫಾರ್ಮಕಾಲಜಿ ಪುಸ್ತಕದಲ್ಲೂ ಇಲ್ಲ, ಆದರೆ ಈ ಊರಿನಲ್ಲಿ ಅದು ಬೇಕೇ ಬೇಕು. ಇದೇ ನೀರಿನ ಗುಳಿಗೆ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣವನ್ನು ಇಳಿಸುತ್ತದೆ. ಕಾಲು ಸೆಳೆತ, ಸುಸ್ತು, ಎದೆ ಬಡಿತ ಏರುಪೇರು ಎಂದರೆ ಅದನ್ನು ನೆನೆಯಿರಿ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಗುಳಿಗೆ ಸಹ ಇದ್ದರೆ ಎರಡು ಪಟ್ಟು ಎಚ್ಚರ, ಯಾಕೆಂದರೆ ಪೊಟ್ಯಾಸಿಯಂ ಇಳಿದಷ್ಟೂ ಡಿಗಾಕ್ಸಿನ್ ವಿಷವಾಗುವುದು ಸುಲಭ. ವಾಕರಿಕೆ, ಹಳದಿ ಹಳದಿ ಕಾಣುವುದು, ನಾಡಿ ನಿಧಾನ. ಡಿಗಾಕ್ಸಿನ್ ಕೊಡುವ ಮೊದಲು ಸ್ಟೆತೊಸ್ಕೋಪ್ ಎದೆಗೆ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರನ್ನು ನಾನು ಬಹಳ ನೋಡಿದ್ದೇನೆ. ಬಡಿತವೇ ಏರುಪೇರು ಇರುವವನಿಗೆ ಆ ಲೆಕ್ಕ ಸುಳ್ಳು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಬಂದರೆ ಗುಳಿಗೆ ಕೈಯಲ್ಲೇ ಇರಲಿ, ಡಾಕ್ಟರನ್ನು ಕೇಳಿ.

ಬಿಪಿ ಗುಳಿಗೆಗೆ ಬರೋಣ, ಮನೆಮನೆಯಲ್ಲಿ ಇರುವುದು ಅದೇ ಅಲ್ವಾ? ಎನಲಾಪ್ರಿಲ್, ರಾಮಿಪ್ರಿಲ್ ಹೀಗೆ 'ಪ್ರಿಲ್' ಎಂದು ಕೊನೆಯಾಗುವ ಗುಳಿಗೆಗಳಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಏನೋ ಕೆರೆದ ಹಾಗೆ, ರಾತ್ರಿ ಮಲಗಿದರೆ ಜಾಸ್ತಿ. ನನಗೆ ಗೊತ್ತಿರುವ ಒಬ್ಬ ಅಜ್ಜನಿಗೆ ಮೂರು ತಿಂಗಳು ಕೆಮ್ಮಿನ ಸಿರಪ್ ಕುಡಿಸಿದರು, ಎಕ್ಸ್‌ರೇ ಎರಡು ಸಲ ಆಯಿತು, ಕೊನೆಗೆ ಮನೆಯವರು ಟಿಬಿ ಇರಬೇಕೆಂದು ಅವರ ತಟ್ಟೆ ಲೋಟ ಬೇರೆ ಮಾಡಿದರು. ಆ ಅಜ್ಜ ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ಬಿಪಿ ಗುಳಿಗೆ ಬದಲಾಯಿಸಿದ ಕೆಲವೇ ವಾರಕ್ಕೆ ಕೆಮ್ಮು ಹೋಯಿತು. ಕೆಮ್ಮು ತೊಂದರೆ ಅಷ್ಟೇ, ಆದರೆ ಅದೇ ಗುಳಿಗೆಯಿಂದ ತುಟಿ, ನಾಲಿಗೆ ಬಾತರೆ ಅದು ಜೀವಕ್ಕೆ ಅಪಾಯ, ಓಡಿ ಬರಬೇಕು. ಅಮ್ಲೋಡಿಪಿನ್‌ನಿಂದ ಪಾದದ ಗಂಟು ಬಾಯುತ್ತದೆ. ಅದನ್ನು ಕಿಡ್ನಿಯ ತೊಂದರೆ ಎಂದುಕೊಂಡು ಜನ ಉಪ್ಪು ಬಿಟ್ಟು, ನೀರು ಬಿಟ್ಟು ಒದ್ದಾಡುತ್ತಾರೆ.

ಸಕ್ಕರೆ ಕಾಯಿಲೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದು ಆಷಾಢ ಏಕಾದಶಿ ನನಗೆ ಮರೆಯುವುದಿಲ್ಲ. ನಮ್ಮ ಕಡೆಯವರಿಗೂ ಇಲ್ಲಿಯವರಿಗೂ ಪಂಢರಪುರದ ವಿಠ್ಠಲ ಒಬ್ಬನೇ ದೇವರು, ಅವತ್ತು ಅರ್ಧ ವಾರ್ಡೇ ಉಪವಾಸ. ಒಬ್ಬ ಅಜ್ಜಿ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ, ಜೊತೆಗೆ ಬಿಪಿಗೆ ಅಟೆನೊಲಾಲ್. ಬೆಳಿಗ್ಗೆ ಟ್ರೇ ಹಿಡಿದು ಬಂದ ವಿದ್ಯಾರ್ಥಿನಿ ಸರಿಯಾದ ಗುಳಿಗೆಯನ್ನು ಸರಿಯಾದ ಪೇಷಂಟ್‌ಗೆ ಸರಿಯಾದ ಹೊತ್ತಿಗೆ ಕೊಟ್ಟಳು, ಪುಸ್ತಕದ ಪ್ರಕಾರ ಒಂದು ತಪ್ಪೂ ಇಲ್ಲ. ಅಜ್ಜಿ ಬರೀ ಒಂದು ಲೋಟ ಸಕ್ಕರೆ ಇಲ್ಲದ ಚಹಾ ಕುಡಿದು ಜಪಮಾಲೆ ಹಿಡಿದು ಕೂತರು. ಹನ್ನೊಂದರ ಹೊತ್ತಿಗೆ ನಾನು ಹಾಸಿಗೆ ಸರಿಮಾಡಲು ಹೋದೆ. ಕೈ ಮುಟ್ಟಿದೆ. ಐಸಿನ ಹಾಗೆ ತಣ್ಣಗೆ, ಸೆರಗು ಬೆವರಿಗೆ ಒದ್ದೆ, ಕರೆದರೆ ಎತ್ತಲೋ ನೋಡುತ್ತಾರೆ, ಮಣಿ ಎಣಿಸುವ ಬೆರಳು ಮಾತ್ರ ತಾನಾಗಿ ಆಡುತ್ತಿದೆ. ಸಕ್ಕರೆ 41 ಇತ್ತು. ನಾಡಿ ಮಾತ್ರ ಶಾಂತ, ಕೈ ನಡುಕವೂ ಇಲ್ಲ. ಯಾಕೆ ಗೊತ್ತಾ? ಅಟೆನೊಲಾಲ್ ಎದೆ ಬಡಿತವನ್ನೂ ನಡುಕವನ್ನೂ ಮುಚ್ಚಿಡುತ್ತದೆ. ಬೆವರೊಂದನ್ನು ಅದು ಮುಚ್ಚುವುದಿಲ್ಲ. ಆ ಒದ್ದೆ ಸೆರಗು ಇಲ್ಲದಿದ್ದರೆ ಅಜ್ಜಿ ಜಪ ಮಾಡುತ್ತಾ ತೂಕಡಿಸುತ್ತಿದ್ದಾರೆ ಎಂದೇ ನಾನೂ ಮುಂದೆ ಹೋಗುತ್ತಿದ್ದೆ. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಐದೇ ನಿಮಿಷಕ್ಕೆ ಮಾತಾಡಿದರು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಗ್ಲಿಮೆಪಿರೈಡ್ ಜಾತಿಯ ಗುಳಿಗೆ ಇಡೀ ದಿನ ಮೈಯಲ್ಲಿರುತ್ತದೆ, ಅವತ್ತು ರಾತ್ರಿ ಎರಡು ಗಂಟೆಗೆ ಸಕ್ಕರೆ ಮತ್ತೆ ಇಳಿಯಿತು. ಒಂದು ಸಲ ಎಚ್ಚರಾದರು ಎಂದು ಮನೆಗೆ ಕಳಿಸಬಾರದು ಎನ್ನುವುದು ಅದಕ್ಕೇ.

ಆ ವಿದ್ಯಾರ್ಥಿನಿಗೆ ಹೈಪೋಗ್ಲೈಸೀಮಿಯಾದ, ಅಂದರೆ ಸಕ್ಕರೆ ತೀರಾ ಇಳಿಯುವುದರ, ಲಕ್ಷಣ ಎಲ್ಲವೂ ಬಾಯಿಪಾಠ ಇತ್ತು. "ಅಜ್ಜಿ, ಇವತ್ತು ಉಪವಾಸ ಏನ್ರಿ" ಎಂಬ ಒಂದು ಮಾತು ಕೇಳಿರಲಿಲ್ಲ. ಶ್ರಾವಣ ಸೋಮವಾರ, ಸಂಕಷ್ಟಿ, ನವರಾತ್ರಿ, ರಂಜಾನ್, ನಮ್ಮ ವಾರ್ಡುಗಳಲ್ಲಿ ವರ್ಷವಿಡೀ ಯಾರಿಗಾದರೂ ಉಪವಾಸ ಇದ್ದೇ ಇರುತ್ತದೆ. ದೇವರ ಕಾರ್ಯ ಬಿಡಿ ಎಂದು ಹೇಳುವುದು ನಮ್ಮ ಕೆಲಸ ಅಲ್ಲ. ಗುಳಿಗೆ ಕೈಗೆ ಕೊಡುವ ಮೊದಲು ಕೇಳುವುದು, ಹೌದೆಂದರೆ ಡಾಕ್ಟರಿಗೆ ತಿಳಿಸುವುದು ನಮ್ಮ ಕೆಲಸ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಹೀಗೆ ಇಳಿಯುವುದು ಬಹಳ ಅಪರೂಪ. ಅವರ ಗೋಳು ಬೇರೆ, ಹೊಟ್ಟೆ ಉಬ್ಬರ, ಭೇದಿ. ಊಟದ ಜೊತೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಬಿ12 ಕಡಿಮೆಯಾಗಿ ಪಾದ ಜೋಮು ಹಿಡಿಯಬಹುದು, ಅದನ್ನು ಸಕ್ಕರೆ ಕಾಯಿಲೆಯ ಜೋಮು ಎಂದೇ ಬಿಟ್ಟುಬಿಡುತ್ತಾರೆ.

ಇನ್ಸುಲಿನ್ ವಿಷಯದಲ್ಲಿ ನಾನು ಕೊಲೆಗಾರ್ತಿ ಆಗುವುದು ತಪ್ಪಿದ್ದು ಒಬ್ಬ ಹಿರಿಯ ಸಿಸ್ಟರ್‌ನಿಂದ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಎರಡು, 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. ರಾತ್ರಿ ಪಾಳಿಯ ಕೊನೆ, ಕಣ್ಣು ಎಳೆಯುತ್ತಿತ್ತು. 20 ಯೂನಿಟ್ ಕೊಡಬೇಕು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯ ತನಕ ಎಳೆದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. "ಥಾಂಬ್. ಬಾಟ್ಲಿ ದಾಖವ್." ನಿಲ್ಲು, ಬಾಟಲಿ ತೋರಿಸು ಎಂದರು ಮರಾಠಿಯಲ್ಲಿ. ಬಾಟಲಿ 100ರದು. ಆ ಸಿರಿಂಜಿನ 20ರ ಗೆರೆ ಎಂದರೆ ಅರ್ಧ ಎಂಎಲ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ನನಗೆ ಕೈಕಾಲು ತಣ್ಣಗಾಯಿತು. ಆ ಸಿಸ್ಟರ್ ಯಾರ ಮುಂದೆಯೂ ನನ್ನನ್ನು ಬೈಯಲಿಲ್ಲ. ಸಿರಿಂಜ್ ಚೆಲ್ಲಿಸಿ, ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಅಕ್ಕಪಕ್ಕ ಹಿಡಿಸಿ, ಎರಡರ ಮೇಲಿನ ಅಂಕಿಯನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಅವತ್ತಿನಿಂದ ನಿವೃತ್ತಿಯ ದಿನದ ತನಕ ನಾನು ಗಟ್ಟಿಯಾಗಿ ಓದದೆ ಒಂದು ಸೂಜಿ ಚುಚ್ಚಿಲ್ಲ. ನಮ್ಮ ಹುಡುಗಿಯರಿಗೂ ಚಹಾ ಕೊಡುವ ಮೊದಲು ಖಾಲಿ ಬಾಟಲಿ, ಖಾಲಿ ಸಿರಿಂಜ್ ಕೊಟ್ಟು ಓದಿಸುತ್ತೇನೆ.

ಮಳೆಗಾಲ ಬಂದರೆ ಈ ಊರಿನಲ್ಲಿ ಡಾಕ್ಸಿಸೈಕ್ಲಿನ್ ಕಾಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು, ಆಮೇಲೆ ಇಲಿ ಜ್ವರ ಹಬ್ಬಿತು, ವಾರ್ಡಿನಲ್ಲಿ ನೆಲದ ಮೇಲೂ ಹಾಸಿಗೆ ಹಾಕಿದ್ದೆವು. ಈಗ ಪ್ರತಿ ಮಳೆಗಾಲ, ಕೊಳಚೆ ನೀರಿನಲ್ಲಿ ನಡೆದವರಿಗೆ ಮುನ್ನೆಚ್ಚರಿಕೆಗೆ ಈ ಔಷಧಿ ಕೊಡುತ್ತಾರೆ, ಒಳ್ಳೆಯದೇ. ಆದರೆ ಒಬ್ಬ ವಾಚ್‌ಮನ್ ಹುಡುಗ ರಾತ್ರಿ ಕ್ಯಾಪ್ಸೂಲನ್ನು ಉಗುಳಿನಲ್ಲೇ ನುಂಗಿ ಹಾಗೇ ಅಡ್ಡಾದ. ಬೆಳಿಗ್ಗೆ ಎದ್ದರೆ ಎದೆಯ ನಡುವೆ ಬೆಂಕಿ, ನೀರು ನುಂಗಲೂ ಆಗದು. ಹೃದಯಾಘಾತ ಎಂದು ಹೆದರಿ ಬಂದಿದ್ದ. ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿ ಸುಟ್ಟು ಹುಣ್ಣಾಗಿತ್ತು. ಇದನ್ನು ಕೊಡುವಾಗ ಹೇಳಬೇಕಾದದ್ದು, ಒಂದು ದೊಡ್ಡ ಲೋಟ ನೀರು ಕುಡಿ, ಅರ್ಧ ಗಂಟೆಯಾದರೂ ಮಲಗಬೇಡ. ಹಾಲಿನ ಜೊತೆ ಬೇಡ, ಕಬ್ಬಿಣದ ಗುಳಿಗೆಯ ಜೊತೆ ಬೇಡ. ಬಿಸಿಲಿಗೆ ಚರ್ಮ ಸುಡಬಹುದು. ಬಸುರಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿ ಉಳಿದದ್ದನ್ನು ಸುಮ್ನೆ ಹಂಚಬೇಡಿ, ಅವರಿಗೆ ಡಾಕ್ಟರು ಬೇರೆ ಔಷಧಿ ಕೊಡುತ್ತಾರೆ.

ನೋವಿನ ಗುಳಿಗೆಯ ವಿಷಯಕ್ಕೆ ನಾನು ಹುಡುಗಿಯರಿಗೆ ರಣಹದ್ದಿನ ಕಥೆ ಹೇಳುತ್ತೇನೆ. ಮಲಬಾರ್ ಹಿಲ್‌ನ ಡೂಂಗರವಾಡಿಯಲ್ಲಿ ಪಾರಸಿಗಳು ಸತ್ತವರ ದೇಹವನ್ನು ರಣಹದ್ದುಗಳಿಗೆ ಬಿಡುತ್ತಿದ್ದರು. 1990ರ ದಶಕದಿಂದ ಇಡೀ ದೇಶದಲ್ಲಿ ರಣಹದ್ದುಗಳು ಸಾಯತೊಡಗಿದವು. ಕಾರಣ 2004ರಲ್ಲಿ ಗೊತ್ತಾಯಿತು. ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದಿನ ಕಿಡ್ನಿ ಕೆಡಿಸಿ ಕೊಲ್ಲುತ್ತಿತ್ತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಮನುಷ್ಯ ಹದ್ದಿನಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೆ ವಯಸ್ಸಾದವರು, ವಾಂತಿ ಭೇದಿಯಿಂದ ಮೈ ನೀರು ಕಳೆದುಕೊಂಡವರು, ಬಿಪಿಗೆ ಪ್ರಿಲ್ ಗುಳಿಗೆ ಮತ್ತು ನೀರಿನ ಗುಳಿಗೆ ಎರಡೂ ತೆಗೆದುಕೊಳ್ಳುವವರು, ಇವರ ಕಿಡ್ನಿಗೆ ಇದೇ ಔಷಧಿ ಹೊಡೆತ ಕೊಡುತ್ತದೆ. ಈ ಕಥೆ ಕೇಳಿದ ಹುಡುಗಿ ಮಂಡಿ ನೋವಿನ ಅಜ್ಜಿಗೆ ಡೈಕ್ಲೋಫೆನಾಕ್ ಸೂಜಿ ಹಿಡಿಯುವ ಮೊದಲು "ಮೂತ್ರ ಸರಿಯಾಗಿ ಆಗ್ತದಾ" ಎಂದು ಕೇಳುವುದನ್ನು ಮರೆಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ, ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿ ಬಂದರೆ ಹೊಟ್ಟೆಯೊಳಗೆ ರಕ್ತ ಎಂದು ತಿಳಿಯಿರಿ. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಅದು ಸಹಜ. ಬಸುರಿಯರಿಗೆ ಇದನ್ನು ಮೊದಲೇ ಹೇಳದಿದ್ದರೆ ಅರ್ಧ ಜನ ಗುಳಿಗೆಯನ್ನು ಕಪಾಟಿನ ಹಿಂದೆ ಇಡುತ್ತಾರೆ.

ಪ್ಯಾರಾಸಿಟಮಾಲ್ ಏನೂ ಮಾಡದು ಎಂಬ ನಂಬಿಕೆ ಎಲ್ಲರಿಗೂ ಇದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು. ಜ್ವರಕ್ಕೆ 650ರ ಗುಳಿಗೆ ನಾಲ್ಕು ಸಲ, ಅದೇ 2600 ಮಿಲಿಗ್ರಾಂ. ಶೀತಕ್ಕೆಂದು ಅಂಗಡಿಯಿಂದ ತಂದ ಗುಳಿಗೆಯಲ್ಲೂ 500 ಇರುತ್ತದೆ, ಅದು ಮೂರು ಸಲ ಎಂದರೆ 1500. ಕೂಡಿಸಿ ನೋಡಿ, 4100 ಆಯಿತು, ಮನೆಯವರಿಗೆ ಎರಡೂ ಬೇರೆ ಬೇರೆ ಔಷಧಿ ಎಂದೇ ಗೊತ್ತು. ಕುಡಿಯುವವರಿಗೆ, ಸೊರಗಿದವರಿಗೆ ಅದಕ್ಕಿಂತ ಕಡಿಮೆಯೇ ಸಾಕು ಲಿವರ್ ಕೆಡಲು. ಮೊದಲ ದಿನ ಬರೀ ವಾಕರಿಕೆ, ಏನೂ ಕಾಣುವುದಿಲ್ಲ, ಎರಡು ಮೂರು ದಿನದ ಮೇಲೆ ಕಾಮಾಲೆ. ಅದಕ್ಕೆ ಪ್ರತಿಮದ್ದು ಇದೆ, ಅಸಿಟೈಲ್‌ಸಿಸ್ಟೀನ್, ಆದರೆ ಎಂಟು ಗಂಟೆಯೊಳಗೆ ಸಿಕ್ಕರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ಸೂಜಿಯ ಔಷಧಿಗಳಲ್ಲಿ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಪೊಟ್ಯಾಸಿಯಂ ಕ್ಲೋರೈಡನ್ನು ಯಾರು ಹೇಳಿದರೂ ನೇರವಾಗಿ ರಕ್ತನಾಳಕ್ಕೆ ತಳ್ಳಬೇಡಿ, ಹೃದಯ ನಿಲ್ಲುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಬರೀ ನಾರ್ಮಲ್ ಸಲೈನಿನಲ್ಲಿ, ಗ್ಲೂಕೋಸಿನಲ್ಲಿ ಹಾಕಿದರೆ ಹರಳುಗಟ್ಟುತ್ತದೆ. ಬಸುರಿಯರ ಫಿಟ್ಸ್‌ಗೆ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟ್‌ನ ಪ್ರತಿ ಡೋಸಿನ ಮೊದಲು ಮಂಡಿಗೆ ತಟ್ಟಿ ಕಾಲು ಚಿಮ್ಮುತ್ತದೆಯೇ ನೋಡಿ, ಉಸಿರು ಎಣಿಸಿ, ಮೂತ್ರ ಅಳೆಯಿರಿ, ಅದರ ಪ್ರತಿಮದ್ದು ಕ್ಯಾಲ್ಸಿಯಂ ಗ್ಲೂಕೊನೇಟ್ ಪಕ್ಕದಲ್ಲೇ ಇರಲಿ. ಅಲರ್ಜಿಗೆ ಕೊಡುವ ಅವಿಲ್ ಇಂಜೆಕ್ಷನ್ ಆದವನನ್ನು ಒಬ್ಬನೇ ಲೋಕಲ್ ಹತ್ತಲು ಬಿಡಬೇಡಿ, ತೂಕಡಿಸಿ ಬಾಗಿಲಲ್ಲಿ ನಿಂತರೆ ಏನು ಗತಿ. ಪೆನಿಸಿಲಿನ್ ಜಾತಿಯ ಔಷಧಿಗೆ ಮೊದಲು "ಅಲರ್ಜಿ ಇದೆಯಾ" ಎಂದು ಕೇಳುತ್ತೇವೆ, ನಮ್ಮವರು ಇಲ್ಲ ಎನ್ನುತ್ತಾರೆ, ಆ ಪದವೇ ಅವರಿಗೆ ಗೊತ್ತಿಲ್ಲ. "ಹಿಂದೆ ಯಾವಾಗಾದರೂ ಇಂಜೆಕ್ಷನ್ ಆದಮೇಲೆ ಮೈ ತುಂಬ ಪಿತ್ತಗಂಧೆ ಎದ್ದಿತ್ತಾ, ಉಸಿರು ಕಟ್ಟಿತ್ತಾ" ಎಂದು ಕೇಳಿ ನೋಡಿ, ಆಗ ಬರುತ್ತದೆ ಉತ್ತರ. ಅಂಥ ಅಲರ್ಜಿಯಲ್ಲಿ ಜೀವ ಉಳಿಸುವ ಅಡ್ರಿನಲಿನ್ ಎಲ್ಲಿದೆ ಎಂದು ಸೂಜಿ ಚುಚ್ಚುವ ಮೊದಲೇ ಕಣ್ಣಲ್ಲಿ ನೋಡಿರಬೇಕು. ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ಹೊರಬದಿಯ ಸ್ನಾಯುವಿಗೆ.

ಕೆಲವು ಹಿರಿಯರು ಹೇಳುತ್ತಾರೆ, ಅಡ್ಡ ಪರಿಣಾಮ ಹೇಳಿದರೆ ಪೇಷಂಟ್ ಹೆದರಿ ಔಷಧಿ ಬಿಡುತ್ತಾನೆ ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಗೌಂಡಿ ಔಷಧಿ ಬಿಟ್ಟದ್ದು ಯಾರೂ ಹೇಳದೆ ಇದ್ದದ್ದಕ್ಕೆ. ಹನ್ನೊಂದನ್ನೂ ಒಪ್ಪಿಸಿದರೆ ಹೆದರುತ್ತಾರೆ, ಖಂಡಿತ. ಯಾವುದು ಬಂದರೂ ಚಿಂತೆ ಇಲ್ಲ, ಯಾವುದು ಬಂದರೆ ಓಡಿ ಬರಬೇಕು, ಈ ಎರಡನ್ನು ಹೇಳಿದರೆ ಜನಕ್ಕೆ ಧೈರ್ಯ ಬರುತ್ತದೆ. ಔಷಧಿ ನಿಲ್ಲಿಸುವುದು, ಬದಲಾಯಿಸುವುದು ಡಾಕ್ಟರ ಕೆಲಸ. ನೋಡುವುದು, ಕೇಳುವುದು, ತಿಳಿಸುವುದು ನಮ್ಮದು.

ತಿಳಿಸುವುದಕ್ಕೆ ಇನ್ನೊಂದು ದಾರಿಯೂ ಇದೆ, ಬಹಳ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಔಷಧಿಗಳ ಅಡ್ಡ ಪರಿಣಾಮ ದಾಖಲಿಸಲು 2010ರಿಂದ ಸರ್ಕಾರದ ಕಾರ್ಯಕ್ರಮ ನಡೆಯುತ್ತಿದೆ, ಅದರ ಕೇಂದ್ರ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್‌ನಲ್ಲಿದೆ. 1800-180-3024ಕ್ಕೆ ಫೋನ್ ಮಾಡಿದರೆ ದುಡ್ಡು ಬೀಳುವುದಿಲ್ಲ. ನರ್ಸ್‌ಗಳೂ ಫಾರ್ಮ್ ತುಂಬಬಹುದು, ಅನುಮಾನ ಇದ್ದರೆ ಸಾಕು, ಸಾಬೀತು ಮಾಡಬೇಕಿಲ್ಲ. ಥಾಲಿಡೊಮೈಡ್ ಕಥೆ ನಿಮ್ಮ ಓದುಗರಲ್ಲಿ ಕೆಲವರಿಗೆ ಗೊತ್ತಿರಬಹುದು. ಬಸುರಿಯರ ವಾಂತಿಗೆ ಕೊಟ್ಟ ಆ ಗುಳಿಗೆಯಿಂದ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. 1961ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಎಂಬ ಡಾಕ್ಟರು ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯ ಸಂಪಾದಕರಿಗೆ ಒಂದು ಸಣ್ಣ ಪತ್ರ ಬರೆದರು. ನಾನು ಇಂಥ ಮಕ್ಕಳನ್ನು ನೋಡುತ್ತಿದ್ದೇನೆ, ಬೇರೆಯವರೂ ನೋಡಿದ್ದೀರಾ ಎಂದು ಕೇಳಿದರು. ಅವರು ಹೆರಿಗೆ ವಾರ್ಡಿನಲ್ಲಿ ಕಂಡದ್ದನ್ನು ಬರೆದರು, ಅಷ್ಟೇ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಭಾನುವಾರದ ಪುಟದಲ್ಲಿ ಅಂಗೈ ಅಗಲದ ಜಾಗ ಕೊಡಿ. ವಾರಕ್ಕೆ ಒಂದೇ ಔಷಧಿ. ಅದು ಯಾತಕ್ಕೆ, ಮನೆಯಲ್ಲಿ ಏನು ಕಾಣಬಹುದು, ಯಾವುದಕ್ಕೆ ಹೆದರಬಾರದು, ಯಾವಾಗ ಓಡಬೇಕು, ಇಷ್ಟೇ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ. ಅಚ್ಚಾಗುವ ಮೊದಲು ಒಬ್ಬ ಡಾಕ್ಟರಿಂದ ನೋಡಿಸಿ. ಹುಡುಗಿಯರು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ, ಮನೆಯವರೂ ಓದುತ್ತಾರೆ. ಹೋದ ಭಾನುವಾರದ ಆ ಬೀದರ್ ಹುಡುಗಿಯನ್ನೇ ಕೂರಿಸಿ ಹನ್ನೆರಡು ಔಷಧಿಗಳ ಬಗ್ಗೆ ಈಗಾಗಲೇ ಬರೆಸಿಟ್ಟಿದ್ದೇನೆ, ಅಕ್ಷರ ದುಂಡಗಿದೆ. ಮೊದಲ ಹಾಳೆ ರಿಫಾಂಪಿಸಿನ್ ಬಗ್ಗೆ. "ಉಚ್ಚೆ ಕೆಂಪಾಗ್ತದೆ, ಹೆದರಬೇಡಿ" ಎಂದೇ ಶುರುವಾಗುತ್ತದೆ. ನೀವು ಹೂಂ ಎಂದರೆ ಬರುವ ಸೋಮವಾರ ನಾನೇ ಗಾಡಿ ಹಿಡಿದು ನಿಮ್ಮ ಆಫೀಸಿಗೆ ತಂದು ಕೊಡುತ್ತೇನೆ.

ಇತಿ,
ಒಬ್ಬ ನಿವೃತ್ತ ನರ್ಸ್
ಡೊಂಬಿವಲಿ ಪೂರ್ವ